ಲೆಕ್ಕ ನೀವೇ ಶುರು ಮಾಡಿ: ಜಾಹೀರಾತುಗಳ ನಡುವೆ ಕೊಳ್ಳುವವರಿಗೊಂದು ಕೈಪಿಡಿ

ಆಷಾಢದಲ್ಲಿ ನಮ್ಮ ಕಡೆ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಹೊಸ ಸೊಸೆ ತವರಿಗೆ ಹೋಗಿರುತ್ತಾಳೆ. ಬಟ್ಟೆ ಅಂಗಡಿಯವರಿಗೆ ಇದು ನೊಣ ಹೊಡೆಯುವ ಕಾಲ. ಅದಕ್ಕೇ ಆಷಾಢ ಸೇಲ್. ಬೆಳಗ್ಗೆ ಪೇಪರ್ ಬಿಡಿಸಿದರೆ ಒಳಗಿಂದ ಮೂರು ನಾಲ್ಕು ಪಾಂಪ್ಲೆಟ್ ಜಾರಿ ಬೀಳುತ್ತವೆ. ‘ಶೇ 50ರವರೆಗೆ ರಿಯಾಯಿತಿ’ ಅಂತ ಇರುತ್ತದೆ. 50 ಅನ್ನೋದು ಅಂಗೈಯಗಲ. ‘ವರೆಗೆ’ ಕಾಣಬೇಕಾದರೆ ಕನ್ನಡಕ ಹಾಕಬೇಕು.

ಅದರಲ್ಲಿ ಸುಳ್ಳು ಏನೂ ಇಲ್ಲ. ಅಂಗಡಿಯ ಬಾಗಿಲಲ್ಲೇ ಇರುವ ಒಂದು ಸ್ಟ್ಯಾಂಡಿನ ಬಟ್ಟೆಗೆ ನಿಜವಾಗಿಯೂ ಅರ್ಧ ಬೆಲೆ. ಒಳಗೆ ಹೋದರೆ ‘ಹೊಸ ಸ್ಟಾಕ್‌ಗೆ ಆಫರ್ ಇಲ್ಲ ಮೇಡಂ, ಇದಕ್ಕೆ ಹತ್ತು ಪರ್ಸೆಂಟ್ ಕೊಡ್ತೀವಿ’. ಆದರೂ ಒಂದು ಸೀರೆಗೆ ಅಂತ ಹೋದವರು ನಾಲ್ಕು ಕವರ್ ಹಿಡಿದು ಬರುತ್ತಾರೆ. ‘ಎಷ್ಟು ಖರ್ಚಾಯಿತು’ ಅಂತ ಕೇಳಿದರೆ ‘ಎಷ್ಟು ಉಳಿಯಿತು’ ಅನ್ನೋ ಉತ್ತರ ಬರುತ್ತದೆ.

ನನ್ನ ಪ್ರಕಾರ ಜಾಹೀರಾತಿನ ಕೈಚಳಕ ಹೆಚ್ಚಿನ ಸಲ ಇಷ್ಟೇ. ಲೆಕ್ಕ ಎಲ್ಲಿಂದ ಶುರುವಾಗಬೇಕು ಅಂತ ಅದು ತೀರ್ಮಾನ ಮಾಡಿಬಿಡುತ್ತದೆ. ಆಮೇಲೆ ನಾವು ಎಷ್ಟೇ ಜಾಣತನದಿಂದ ಕೂಡಿಸಿ ಕಳೆದರೂ ಉತ್ತರ ಅವರಿಗೆ ಬೇಕಾದ್ದೇ ಬರುತ್ತದೆ. ಈ ಹೆಜ್ಜೆಗಳೆಲ್ಲ ಆ ಲೆಕ್ಕವನ್ನು ನಿಮ್ಮ ಕಡೆಯಿಂದ ಶುರು ಮಾಡೋದಕ್ಕೆ.

ಹೆಜ್ಜೆ 1: ಮನೆ ಬಿಡುವ ಮೊದಲು ಬೆಲೆ ಬರೆದಿಡಿ

ಏನು ಬೇಕು ಅನ್ನೋ ಪಟ್ಟಿ ಎಲ್ಲರೂ ಮಾಡುತ್ತಾರೆ. ಅದರ ಪಕ್ಕದಲ್ಲಿ ಎಷ್ಟು ಕೊಡಬಲ್ಲೆ ಅಂತ ಬರೆಯುವವರು ಕಡಿಮೆ. ಬರೆಯಬೇಕಾದ್ದು ಅದನ್ನೇ. ‘ಮಿಕ್ಸಿ, ₹4,000’. ಫೋನಿನ ನೋಟ್ಸ್‌ನಲ್ಲಿ ಬರೆದರೂ ಸಾಕು.

ಇದು ಯಾಕೆ ಕೆಲಸ ಮಾಡುತ್ತದೆ ಅನ್ನೋದಕ್ಕೆ ಒಂದು ಹಳೆಯ ಪ್ರಯೋಗ ಇದೆ. ಮನಶ್ಶಾಸ್ತ್ರಜ್ಞರಾದ ಅಮೋಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾನಮನ್ 1974ರಲ್ಲಿ ಪ್ರಕಟಿಸಿದ್ದು. ಜನರ ಎದುರು ಅಂಕಿಗಳಿರುವ ಒಂದು ಚಕ್ರ ತಿರುಗಿಸಿದರು. ಅದು 10ಕ್ಕೋ 65ಕ್ಕೋ ಬಂದು ನಿಲ್ಲುತ್ತಿತ್ತು. ಆಮೇಲೆ ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟಿವೆ ಅಂತ ಕೇಳಿದರು. 10 ನೋಡಿದವರ ಊಹೆ 25ರ ಆಸುಪಾಸಿನಲ್ಲಿತ್ತು, 65 ನೋಡಿದವರದ್ದು 45ರ ಆಸುಪಾಸು. ಚಕ್ರಕ್ಕೂ ಆಫ್ರಿಕಾಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ ಮೊದಲು ಕಣ್ಣಿಗೆ ಬಿದ್ದ ಅಂಕಿ ಊಹೆಯನ್ನು ತನ್ನ ಕಡೆಗೆ ಎಳೆದುಕೊಂಡಿತು.

ಗೀಟು ಹಾಕಿದ ಎಂಆರ್‌ಪಿ ಮಾಡುವ ಕೆಲಸವೂ ಅದೇ. ₹9,999 ಅನ್ನು ಹೊಡೆದುಹಾಕಿ ಪಕ್ಕದಲ್ಲಿ ₹5,499 ಅಂತ ಬರೆದರೆ, ₹5,499 ಸಸ್ತಾ ಅನ್ನಿಸುತ್ತದೆ. ನಿಮ್ಮ ಚೀಟಿಯಲ್ಲಿ ₹4,000 ಇದ್ದರೆ ಮಾತ್ರ ಅದು ₹1,499 ಜಾಸ್ತಿ ಅಂತ ಕಾಣುತ್ತದೆ.

ದಸರಾ, ದೀಪಾವಳಿ ಸಮಯದ ಆನ್‌ಲೈನ್ ಸೇಲ್‌ಗೆ ಕಾಯುತ್ತಿದ್ದೀರಾ? ಬೇಕಾದ ವಸ್ತುವಿನ ಪುಟವನ್ನು ಎರಡು ಮೂರು ವಾರ ಮೊದಲೇ ಸ್ಕ್ರೀನ್‌ಶಾಟ್ ತೆಗೆದಿಡಿ. ಸೇಲ್ ದಿನ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಕೆಲವಕ್ಕೆ ನಿಜವಾಗಿ ಬೆಲೆ ಇಳಿದಿರುತ್ತದೆ, ಖುಷಿಯಾಗಿ ತಗೊಳ್ಳಿ.

ಹೆಜ್ಜೆ 2: ಪರ್ಸೆಂಟ್ ಬಿಡಿ, ರೂಪಾಯಿ ನೋಡಿ

ಅಕ್ಷಯ ತೃತೀಯದ ಚಿನ್ನದ ಜಾಹೀರಾತು ತಗೊಳ್ಳಿ. ‘ಮೇಕಿಂಗ್ ಚಾರ್ಜ್ ಮೇಲೆ ಶೇ 50 ಕಡಿತ’. ಲೆಕ್ಕ ಸುಲಭವಾಗಲಿ ಅಂತ ಗ್ರಾಂಗೆ ₹10,000 ಅಂದುಕೊಳ್ಳೋಣ. 20 ಗ್ರಾಂ ಸರ, ಚಿನ್ನದ ಬೆಲೆ ₹2,00,000. ಈ ಅಂಗಡಿಯ ಮೇಕಿಂಗ್ ಚಾರ್ಜ್ ಶೇ 18. ಅರ್ಧ ಕಡಿತ ಆದಮೇಲೆ ಶೇ 9, ಅಂದರೆ ₹18,000. ಪಕ್ಕದ ಬೀದಿಯ ಅಂಗಡಿಯಲ್ಲಿ ಆಫರ್ ಇಲ್ಲ, ಬ್ಯಾನರ್ ಇಲ್ಲ, ಮೇಕಿಂಗ್ ಶೇ 8. ಅಂದರೆ ₹16,000. ಅರ್ಧ ಬೆಲೆ ಕೊಟ್ಟವರ ಹತ್ತಿರವೇ ₹2,000 ಜಾಸ್ತಿ ಆಯಿತು.

ಹಾಗಾಗಿ ಚಿನ್ನದಂಗಡಿಯಲ್ಲಿ ಕೇಳಬೇಕಾದ್ದು ಒಂದೇ ಪ್ರಶ್ನೆ. ‘ಜಿಎಸ್‌ಟಿ ಎಲ್ಲಾ ಸೇರಿ ಕೊನೆಗೆ ನಾನು ಕೊಡೋದೆಷ್ಟು?’ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಹರಳು ಇರುವ ಒಡವೆಯಾದರೆ ಹರಳಿನ ತೂಕ ಬಿಟ್ಟು ಚಿನ್ನದ ತೂಕ ಎಷ್ಟು ಅಂತ ಬೇರೆ ಕೇಳಿ. ಅದೇ ಚೀಟಿ ಹಿಡಿದು ಇನ್ನೊಂದು ಅಂಗಡಿಗೆ ಹೋಗಿ. ಹಾಲ್‌ಮಾರ್ಕ್ ಜೊತೆ ಇರುವ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಕೇತವನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ಅಸಲಿಯಾ ಅಂತ ನೋಡಬಹುದು. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಬಟ್ಟೆ ಅಂಗಡಿಯ ‘₹3,000 ಖರೀದಿಗೆ ₹500 ವೋಚರ್’ ಕೂಡ ಇದೇ ಜಾತಿಯದ್ದು. ವೋಚರ್ ಬಳಸಲು ಮುಂದಿನ ಸಲ ಕನಿಷ್ಠ ₹2,500 ಖರೀದಿ ಮಾಡಬೇಕು ಅಂತ ಹಿಂದೆ ಬರೆದಿದ್ದರೆ, ನೀವು ₹5,500ರ ಬಟ್ಟೆ ತಗೊಂಡು ಉಳಿಸಿದ್ದು ₹500. ಹತ್ತಿರ ಹತ್ತಿರ ಶೇ 9. ‘ಎರಡು ಕೊಂಡರೆ ಒಂದು ಉಚಿತ’ ಅಂದರೆ ಶೇ 33, ಅದೂ ಮೂರು ಬೇಕಿದ್ದರೆ. ಒಂದೇ ಬೇಕಿದ್ದವರಿಗೆ ಅದರಲ್ಲಿ ಉಳಿತಾಯವೇ ಇಲ್ಲ.

ಮಲ್ಟಿಪ್ಲೆಕ್ಸ್‌ನಲ್ಲಿ ಪಾಪ್‌ಕಾರ್ನ್ ಚಿಕ್ಕದು, ಮಧ್ಯಮ, ದೊಡ್ಡದು ಅಂತ ಮೂರು ಇರುತ್ತವೆ ಅಲ್ವಾ? ಮಧ್ಯದ್ದಕ್ಕೂ ದೊಡ್ಡದಕ್ಕೂ ಮೂವತ್ತು ನಲವತ್ತು ರೂಪಾಯಿ ಅಷ್ಟೇ ವ್ಯತ್ಯಾಸ. ಅಂಥ ಕಡೆ ಮಧ್ಯದ ಡಬ್ಬಿಯ ಕೆಲಸ ಮಾರಾಟವಾಗೋದಲ್ಲ, ದೊಡ್ಡದನ್ನು ಸಸ್ತಾ ಅನ್ನಿಸೋದು. ಮಧ್ಯದ್ದನ್ನು ಕೈಯಿಂದ ಮುಚ್ಚಿ ಮತ್ತೆ ಪಟ್ಟಿ ನೋಡಿ.

ಪರ್ಸೆಂಟ್ ಇಲ್ಲದ ಒಂದು ಒತ್ತಾಯವೂ ಇದೆ, ಸೀರೆ ಅಂಗಡಿಯಲ್ಲಿ. ಚಾಪೆಯ ಮೇಲೆ ಕೂರಿಸಿ ಕಾಫಿನೋ ಜ್ಯೂಸೋ ಕೊಡುತ್ತಾರೆ. ‘ನೋಡೋಕೆ ದುಡ್ಡಿಲ್ಲ ಮೇಡಂ’ ಅಂತ ಒಂದರ ಮೇಲೊಂದು ಸೀರೆ ಬಿಚ್ಚಿ ಹಾಕುತ್ತಾರೆ. ರಾಶಿ ಏರಿದಂತೆ ನಮ್ಮ ಮುಜುಗರವೂ ಏರುತ್ತದೆ. ಇಷ್ಟೊಂದು ಬಿಚ್ಚಿಸಿ ಸುಮ್ನೆ ಎದ್ದು ಹೋಗೋದು ಹೇಗೆ! ಆ ಹುಡುಗನ ಮೇಲೆ ಕೋಪ ಬೇಡ, ಅವನಿಗೂ ಟಾರ್ಗೆಟ್ ಇರುತ್ತದೆ. ಐದನೆಯ ಸೀರೆಗೇ ‘ಸಾಕಪ್ಪಾ, ಇವು ನನ್ನ ಬಜೆಟ್ ಅಲ್ಲ, ಎತ್ತಿಡು’ ಅನ್ನಿ. ಐವತ್ತನೆಯದಕ್ಕೆ ಆ ಮಾತು ಬಾಯಿಗೆ ಬರೋದಿಲ್ಲ.

ಹೆಜ್ಜೆ 3: ಪ್ಯಾಕೆಟ್ ತಿರುಗಿಸಿ

ಪ್ಯಾಕೆಟ್‌ನ ಮುಂಭಾಗ ಜಾಹೀರಾತಿನವರದ್ದು, ಹಿಂಭಾಗ ಕಾನೂನಿನದ್ದು. ಆದ್ದರಿಂದ ಓದು ಹಿಂದಿನಿಂದ ಶುರುವಾಗಲಿ.

‘ರಾಗಿ ಬಿಸ್ಕತ್ತು’ ಅಂತ ದೊಡ್ಡದಾಗಿ ಬರೆದ ಒಂದು ಪ್ಯಾಕೆಟ್ ಕೈಗೆತ್ತಿಕೊಳ್ಳಿ. ಮುಂದೆ ತೆನೆಯ ಚಿತ್ರ ಇರುತ್ತದೆ, ಮಣ್ಣಿನ ಬಣ್ಣ ಇರುತ್ತದೆ. ಹಿಂದೆ ಪದಾರ್ಥಗಳ ಪಟ್ಟಿ ಹುಡುಕಿ. ತೂಕದಲ್ಲಿ ಯಾವುದು ಜಾಸ್ತಿ ಇದೆಯೋ ಅದನ್ನೇ ಮೊದಲು ಬರೆಯಬೇಕು ಅನ್ನೋದು ನಿಯಮ. ಪಟ್ಟಿ ಮೈದಾದಿಂದ ಶುರುವಾಗಿ, ಆಮೇಲೆ ಸಕ್ಕರೆ, ತಾಳೆ ಎಣ್ಣೆ ಬಂದು, ರಾಗಿ ನಂತರ ಬಂದರೆ ನಿಮ್ಮ ಕೈಯಲ್ಲಿರೋದು ಮೈದಾ ಬಿಸ್ಕತ್ತು. ಹೆಸರಿನಲ್ಲಿ ಮೆರೆಸಿದ ಪದಾರ್ಥದ ಪ್ರಮಾಣವನ್ನು ಪಟ್ಟಿಯಲ್ಲಿ ಬರೆಯಬೇಕು. ರಾಗಿಯ ಪಕ್ಕ ಬ್ರ್ಯಾಕೆಟ್‌ನಲ್ಲಿ ಇರುವ ಶೇಕಡಾ ಅಂಕಿ ಅದೇ. ಪ್ಯಾಕೆಟ್‌ನಲ್ಲಿ ನಾನು ಮೊದಲು ಹುಡುಕೋದು ಅದನ್ನೇ.

ಮಕ್ಕಳ ಹಾಲಿಗೆ ಹಾಕುವ ಪುಡಿಗಳದ್ದು ಇನ್ನೂ ಸ್ವಾರಸ್ಯ. ಡಬ್ಬಿಯ ಮೇಲೆ ಎತ್ತರ, ಬುದ್ಧಿ, ಶಕ್ತಿಯ ಮಾತು. ಹಿಂದಿನ ಕೋಷ್ಟಕದಲ್ಲಿ ‘100 ಗ್ರಾಂಗೆ’ ಅನ್ನೋ ಕಾಲಂ ನೋಡಿ, ‘ಒಂದು ಸರ್ವಿಂಗ್‌ಗೆ’ ಅನ್ನೋದು ಬೇಡ. ಸರ್ವಿಂಗ್ ಎಷ್ಟು ಚಿಕ್ಕದಿದ್ದರೆ ಸಕ್ಕರೆಯ ಅಂಕಿಯೂ ಅಷ್ಟೇ ಚಿಕ್ಕದಾಗಿ ಕಾಣುತ್ತದೆ. 100 ಗ್ರಾಂನಲ್ಲಿ 32 ಗ್ರಾಂ ಸಕ್ಕರೆ ಅಂತ ಇದ್ದರೆ, ಡಬ್ಬಿಯ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಸಕ್ಕರೆ. 20 ಗ್ರಾಂ ಪುಡಿಗೆ 6.4 ಗ್ರಾಂ. 4 ಗ್ರಾಂಗೆ ಒಂದು ಟೀ ಚಮಚ ಅಂತ ಹಿಡಿದರೆ ಒಂದೂವರೆ ಚಮಚದ ಮೇಲೆ. ಬೆಳಗ್ಗೆ ಒಂದು ಲೋಟ, ಸಂಜೆ ಒಂದು ಲೋಟ, ಜೊತೆಗೆ ಅಜ್ಜಿ ಪ್ರೀತಿಯಿಂದ ಹಾಕುವ ಇನ್ನೊಂದು ಚಮಚ. ಇಂಥ ಸಕ್ಕರೆಯಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ಶೇ 10 ಮೀರಬಾರದು, ಶೇ 5ಕ್ಕಿಂತ ಕಡಿಮೆ ಇದ್ದರೆ ಇನ್ನೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ದಿನಕ್ಕೆ 2,000 ಕ್ಯಾಲೊರಿ ತಿನ್ನುವ ದೊಡ್ಡವರಿಗೆ ಶೇ 5 ಅಂದರೆ ಸುಮಾರು 25 ಗ್ರಾಂ. ಮಕ್ಕಳಿಗೆ ಅದಕ್ಕಿಂತ ಕಡಿಮೆ.

ಇವುಗಳನ್ನು ‘ಹೆಲ್ತ್ ಡ್ರಿಂಕ್’ ಅಂತ ಕರೆಯುತ್ತಿದ್ದರಲ್ಲ, ನಮ್ಮ ಆಹಾರ ಸುರಕ್ಷತಾ ಕಾನೂನಿನಲ್ಲಿ ಆ ಹೆಸರಿಗೆ ವ್ಯಾಖ್ಯೆಯೇ ಇಲ್ಲ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ, ಬೋರ್ನ್‌ವಿಟಾ ಸೇರಿದಂತೆ ಇಂಥ ಪಾನೀಯಗಳನ್ನು ಆ ವಿಭಾಗದಿಂದ ತೆಗೆಯಿರಿ ಅಂತ ಆನ್‌ಲೈನ್ ಮಾರಾಟಗಾರರಿಗೆ ಸೂಚಿಸಿತು. ಅದೇ ವರ್ಷ ಜೂನ್‌ನಲ್ಲಿ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆಯಾದ ಎಫ್‌ಎಸ್‌ಎಸ್‌ಎಐ, ಸಾಂದ್ರೀಕರಿಸಿದ ರಸಕ್ಕೆ ನೀರು ಬೆರೆಸಿ ಮಾಡಿದ ಜ್ಯೂಸ್‌ನ ಮೇಲೆ ‘ಶೇ 100 ಹಣ್ಣಿನ ರಸ’ ಅಂತ ಬರೆಯಬೇಡಿ ಅಂದಿತು.

ನಿಜ ಹೇಳಿಯೂ ದಾರಿ ತಪ್ಪಿಸಬಹುದು. ಕಡಲೆಕಾಯಿ ಎಣ್ಣೆಯ ಮೇಲೆ ‘ಕೊಲೆಸ್ಟ್ರಾಲ್ ಇಲ್ಲ’ ಅಂತ ಬರೆದರೆ ಅದು ನೂರಕ್ಕೆ ನೂರು ನಿಜ. ಗಿಡದಿಂದ ತೆಗೆದ ಯಾವ ಎಣ್ಣೆಯಲ್ಲೂ ಹೇಳಿಕೊಳ್ಳುವಷ್ಟು ಕೊಲೆಸ್ಟ್ರಾಲ್ ಇರೋದೇ ಇಲ್ಲ.

ಹಿಂದೆ ತಿರುಗಿಸಿದಾಗ ಇನ್ನೊಂದನ್ನು ನೋಡಿಬಿಡಿ. ಎಂಆರ್‌ಪಿ ಹತ್ತಿರ ಪ್ರತಿ ಗ್ರಾಂಗೆ ಅಥವಾ ಪ್ರತಿ ಮಿಲಿಲೀಟರ್‌ಗೆ ಎಷ್ಟು ಅಂತ ಬರೆದಿರುತ್ತದೆ. ಹತ್ತು ರೂಪಾಯಿ ಪ್ಯಾಕೆಟ್ ಹತ್ತು ರೂಪಾಯಿಯಾಗಿಯೇ ಉಳಿದು ಒಳಗಿನ ತೂಕ ಮೆಲ್ಲಗೆ ಇಳಿದಾಗ ಸುಳಿವು ಸಿಗೋದು ಅಲ್ಲೇ. ‘ಫ್ಯಾಮಿಲಿ ಪ್ಯಾಕ್’ ಯಾವಾಗಲೂ ಸಸ್ತಾ ಅಂದುಕೊಳ್ಳಬೇಡಿ, ಗ್ರಾಂ ಬೆಲೆ ಹೋಲಿಸಿ.

ಹೆಜ್ಜೆ 4: ಫೋನಿನಲ್ಲಿ ಕೊಳ್ಳುವಾಗ ನಿಧಾನ ಮಾಡಿ

ಅಂಗಡಿಯವನ ಮುಖವನ್ನಾದರೂ ನೋಡಬಹುದು. ಆ್ಯಪ್‌ಗೆ ಮುಖ ಇಲ್ಲ, ಮುಜುಗರವೂ ಇಲ್ಲ. ನಮಗೆ ಗೊತ್ತಾಗದಂತೆ ನಮ್ಮಿಂದ ಕೊಳ್ಳಿಸಲು ಆ್ಯಪ್‌ಗಳು ಮಾಡುವ ಕುತಂತ್ರಗಳನ್ನು ‘ಡಾರ್ಕ್ ಪ್ಯಾಟರ್ನ್’ ಅನ್ನುತ್ತಾರೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇವುಗಳಲ್ಲಿ 13 ಬಗೆಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ನಿಷೇಧ ಆದರೂ ಕಣ್ಣಿಗೆ ಬೀಳುತ್ತಲೇ ಇವೆ. ಎಲ್ಲ 13ನ್ನೂ ಬಾಯಿಪಾಠ ಮಾಡಬೇಕಿಲ್ಲ. ನಾಲ್ಕು ಅಭ್ಯಾಸ ಇದ್ದರೆ ಸಾಕು.

ದುಡ್ಡು ಕೊಡುವ ಮೊದಲು ಬಿಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಿ. ಬಸ್ ಟಿಕೆಟ್ ಜೊತೆ ವಿಮೆ, ಸಿನಿಮಾ ಟಿಕೆಟ್ ಜೊತೆ ಒಂದೆರಡು ರೂಪಾಯಿ ದೇಣಿಗೆ, ತಾನೇ ಟಿಕ್ ಆಗಿ ಕೂತಿದ್ದರೆ ತೆಗೆಯಿರಿ. ದಾನ ಮಾಡೋ ಮನಸ್ಸಿದ್ದರೆ ನಾವೇ ಟಿಕ್ ಮಾಡಬಹುದಲ್ಲ. ‘ಕನ್ವೀನಿಯನ್ಸ್ ಫೀ’, ‘ಪ್ಲಾಟ್‌ಫಾರ್ಮ್ ಫೀ’ ಕೊನೆಯ ಪುಟದಲ್ಲಿ ಬರುತ್ತವೆ. ಹೋಲಿಸಬೇಕಾದ್ದು ಆ ಕೊನೆಯ ಮೊತ್ತವನ್ನು.

‘ಇನ್ನು 9 ನಿಮಿಷ ಮಾತ್ರ’ ಅಂತ ಗಡಿಯಾರ ಓಡುತ್ತಿದ್ದರೆ ಪುಟ ಮುಚ್ಚಿ ಮತ್ತೆ ತೆರೆಯಿರಿ, ಇಲ್ಲವೇ ಮನೆಯವರ ಫೋನಿನಲ್ಲಿ ನೋಡಿ. ಮತ್ತೆ 9 ನಿಮಿಷದಿಂದಲೇ ಶುರುವಾದರೆ ಆ ಗಡಿಯಾರ ಬರೀ ನಾಟಕ.

ಕಾರ್ಟ್‌ಗೆ ಹಾಕಿದ್ದನ್ನು ಒಂದು ರಾತ್ರಿ ಅಲ್ಲೇ ಬಿಡಿ. ಬೆಳಗ್ಗೆ ನೋಡಿದಾಗ ಅರ್ಧ ಸಾಮಾನು ಬೇಡ ಅನ್ನಿಸಬಹುದು. ಎಷ್ಟೋ ಸಲ ಅವರೇ ಕೂಪನ್ ಕಳಿಸಿ ಕರೆಯುತ್ತಾರೆ. ಇದಕ್ಕೆ ಪೂರಕವಾಗಿ ಶಾಪಿಂಗ್ ಆ್ಯಪ್‌ಗಳ ನೋಟಿಫಿಕೇಶನ್ ಪೂರ್ತಿ ಆಫ್ ಮಾಡಿ. ನಿಮಗೆ ಬೇಕಾದಾಗ ನೀವು ಅಂಗಡಿಗೆ ಹೋಗಿ, ಅಂಗಡಿ ನಿಮ್ಮ ಜೇಬಿಗೆ ಬರೋದು ಬೇಡ.

ನಾಲ್ಕನೆಯದು ಆಟೊಪೇ. ‘ಒಂದು ತಿಂಗಳು ಉಚಿತ’ ಅಂತ ಸೇರಿಕೊಂಡ ದಿನವೇ ನಿಮ್ಮ ಯುಪಿಐ ಆ್ಯಪ್ ತೆರೆದು ಆಟೊಪೇ ಅಥವಾ ಮ್ಯಾಂಡೇಟ್ ಅನ್ನೋ ಜಾಗ ಹುಡುಕಿ. ಅಲ್ಲಿಂದಲೇ ರದ್ದು ಮಾಡಬಹುದು. ಅವರ ಆ್ಯಪ್‌ನಲ್ಲಿ ‘ಕ್ಯಾನ್ಸಲ್’ ಎಲ್ಲಿದೆ ಅಂತ ತಡಕಾಡುತ್ತಾ ಕೂರುವುದು ತಪ್ಪುತ್ತದೆ. ಹಣ ಕಡಿತವಾಗುವ 24 ಗಂಟೆ ಮೊದಲು ಸಂದೇಶ ಕಳಿಸಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ಆ ಎಸ್ಸೆಮ್ಮೆಸ್ ಓದದೆ ಅಳಿಸಬೇಡಿ.

ಹೆಜ್ಜೆ 5: ಮಾತಾಡುತ್ತಿರೋದು ಯಾರು?

ಟಿವಿಯಲ್ಲಿ ಮದ್ಯದ ಜಾಹೀರಾತು ಹಾಕುವಂತಿಲ್ಲ. ಹಾಗಾಗಿ ಸೋಡಾ, ಕುಡಿಯುವ ನೀರು, ಮ್ಯೂಸಿಕ್ ಸಿಡಿ ಬಂದವು. ಬಾಟಲಿ ಬೇರೆ, ಹೆಸರು ಅದೇ. ತಂಬಾಕಿನ ಕಡೆ ಈ ಕೆಲಸವನ್ನು ಏಲಕ್ಕಿ ಮಾಡುತ್ತದೆ. ಇನ್ನು ನಮ್ಮ ಆರ್‌ಸಿಬಿ! 2008ರಲ್ಲಿ ವಿಜಯ್ ಮಲ್ಯ ತಂಡ ಕಟ್ಟಿದಾಗ ತಮ್ಮ ಕಂಪನಿಯ ರಾಯಲ್ ಚಾಲೆಂಜ್ ವಿಸ್ಕಿಯ ಹೆಸರನ್ನೇ ಅದಕ್ಕಿಟ್ಟರು. 2025ರಲ್ಲಿ ಕಪ್ ಗೆಲ್ಲುವ ತನಕ ‘ಈ ಸಲ ಕಪ್ ನಮ್ದೇ’ ಅಂತ ವರ್ಷಾ ವರ್ಷಾ ಕೂಗಿದ ನಾವು, ಒಂದು ಬ್ರ್ಯಾಂಡ್ ಹೆಸರನ್ನೂ ಪುಕ್ಕಟೆಯಾಗಿ ಕೂಗಿದ್ದೇವೆ. ಅಭಿಮಾನ ಇರಲಿ, ಬೇಡ ಅನ್ನಲ್ಲ. ಗೊತ್ತಿದ್ದು ಕೂಗಿದರೆ ಒಳ್ಳೆಯದು.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಜೂನ್‌ನ ಮಾರ್ಗಸೂಚಿ ಇಂಥ ಮರೆಮಾಚಿದ ಜಾಹೀರಾತುಗಳನ್ನು ನಿಷೇಧಿಸಿದೆ. ರೀಲ್ಸ್‌ನಲ್ಲಿ ಯಾರಾದರೂ ದುಡ್ಡು ತಗೊಂಡು ಹೊಗಳುತ್ತಿದ್ದರೆ ಅದನ್ನು ತಿಳಿಸಬೇಕು ಅಂತಲೂ ನಿಯಮ ಇದೆ. ಮೂಲೆಯಲ್ಲೋ ಹ್ಯಾಷ್‌ಟ್ಯಾಗ್‌ಗಳ ನಡುವೆಯೋ ‘ಆ್ಯಡ್’, ‘ಪೇಯ್ಡ್ ಪಾರ್ಟ್‌ನರ್‌ಶಿಪ್’ ಅಂತ ಇದೆಯಾ ನೋಡಿ. ಇದ್ದರೆ, ಮಾತಾಡುತ್ತಿರೋದು ಗೆಳತಿಯಲ್ಲ, ಸೇಲ್ಸ್‌ನವರು ಅಂತ ತಿಳಿದು ಕೇಳಿ.

ಸೈಟ್, ಫ್ಲ್ಯಾಟ್ ಜಾಹೀರಾತಿಗೆ ಒಂದೇ ಪರೀಕ್ಷೆ. ‘ಏರ್‌ಪೋರ್ಟ್‌ನಿಂದ 20 ನಿಮಿಷ’ ಅನ್ನೋದನ್ನು ಬಿಟ್ಟು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಹುಡುಕಿ. ರೇರಾ ವ್ಯಾಪ್ತಿಗೆ ಬರುವ ಯೋಜನೆಯನ್ನು ನೋಂದಣಿಗೆ ಮೊದಲು ಜಾಹೀರಾತು ಮಾಡೋದೂ, ಬುಕಿಂಗ್ ತಗೊಳ್ಳೋದೂ ತಪ್ಪು. ‘ಪ್ರೀ-ಲಾಂಚ್ ಆಫರ್, ಈ ವಾರ ಮಾತ್ರ’ ಅಂದರೆ ಅಲ್ಲಿಂದಲೇ ಕೈಮುಗಿಯಿರಿ.

ಹೆಜ್ಜೆ 6: ಕೊರತೆ ಮೊದಲೇ ಇತ್ತಾ?

ದುಡ್ಡು ಹೋದರೆ ಸಂಪಾದಿಸಬಹುದು. ಜಾಹೀರಾತು ಮನಸ್ಸಿಗೆ ಮಾಡುವ ಗಾಯ ಬೇರೆ ಥರ. ಫೇರ್ ಅಂಡ್ ಲವ್ಲಿ 1975ರಲ್ಲಿ ಬಂತು. ಹೆಸರಿನಿಂದ ‘ಫೇರ್’ ಹೋಗಿದ್ದು 2020ರಲ್ಲಿ. ನಡುವಿನ 45 ವರ್ಷ ಕಪ್ಪಗಿನ ಹುಡುಗಿಗೆ ಕೆಲಸ ಸಿಗಲ್ಲ, ಮದುವೆ ಆಗಲ್ಲ ಅನ್ನೋ ಕತೆಗಳು ಊಟದ ಹೊತ್ತಿಗೆ ಮನೆಮನೆಯಲ್ಲಿ ಓಡಿದವು. ನಮ್ಮ ಸಮಾಜದಲ್ಲಿ ಬಣ್ಣದ ಹುಚ್ಚು ಮೊದಲೇ ಇತ್ತು, ನಿಜ. ಅದಕ್ಕೆ ದಿನಾ ನೀರೆರೆದವರು ಇವರು.

ಹಾಗಾಗಿ ಒಂದು ಜಾಹೀರಾತು ನೋಡಿ ಮನಸ್ಸು ಕುಗ್ಗಿದರೆ ಕೇಳಿಕೊಳ್ಳಿ: ಇದನ್ನು ನೋಡುವ ಐದು ನಿಮಿಷ ಮೊದಲು ನನಗೆ ಈ ಚಿಂತೆ ಇತ್ತಾ? ತಲೆಕೂದಲು, ಹೊಟ್ಟೆ, ಮೊಣಕೈಯ ಕಪ್ಪು, ಮಗನ ಕೋಡಿಂಗ್ ಕ್ಲಾಸು, ಯಾವುದಾದರೂ ಸರಿ. ಇರಲಿಲ್ಲ ಅಂದರೆ ಆ ಚಿಂತೆಯೂ ಅವರದ್ದೇ ಸರಕು. ಫೋನಿನಲ್ಲಾದರೆ ‘ಈ ಜಾಹೀರಾತು ಬೇಡ’ ಅನ್ನೋ ಆಯ್ಕೆ ಒತ್ತಿ.

ಕಾಯಿಲೆಯ ವಿಷಯದಲ್ಲಿ ಮಾತ್ರ ಪ್ರಶ್ನೆ ಕೇಳುತ್ತಾ ಕೂರಬೇಡಿ, ನೇರವಾಗಿ ತಿರಸ್ಕರಿಸಿ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ರಕ್ತದೊತ್ತಡ, ಬೊಜ್ಜು ವಾಸಿ ಮಾಡುತ್ತೇವೆ, ಎತ್ತರ ಹೆಚ್ಚಿಸುತ್ತೇವೆ ಅಂತ ಔಷಧಿಯ ಜಾಹೀರಾತು ಹಾಕೋದು 1954ರ ಕಾಯ್ದೆಯ ಪ್ರಕಾರ ಅಪರಾಧ. ಔಷಧಿಗಳ ಬಗ್ಗೆ ದಾರಿ ತಪ್ಪಿಸುವ ಜಾಹೀರಾತು ಕೊಟ್ಟ ಪತಂಜಲಿ ಕಂಪನಿಯ ಪ್ರಕರಣ ನೆನಪಿರಬಹುದು. 2024ರ ಏಪ್ರಿಲ್‌ನಲ್ಲಿ ಕಂಪನಿ ಪತ್ರಿಕೆಗಳಲ್ಲಿ ಕ್ಷಮೆ ಕೇಳಿದಾಗ, ಕ್ಷಮಾಪಣೆಯೂ ನಿಮ್ಮ ಜಾಹೀರಾತುಗಳಷ್ಟೇ ದೊಡ್ಡದಿತ್ತಾ ಅಂತ ಸುಪ್ರೀಂ ಕೋರ್ಟ್ ಕೇಳಿತು. ಮರುದಿನ ಇನ್ನೂ ದೊಡ್ಡ ಕ್ಷಮಾಪಣೆ ಅಚ್ಚಾಯಿತು.

ಮಕ್ಕಳಿಗೆ ಇದನ್ನೆಲ್ಲ ಉಪದೇಶ ಮಾಡಿದರೆ ಕೇಳಲ್ಲ. ಆಟ ಮಾಡಿ. ಕ್ರಿಕೆಟ್ ಮ್ಯಾಚ್ ನಡುವೆ ಜಾಹೀರಾತು ಬಂದಾಗ ‘ಇವರು ಏನು ಮಾರ್ತಿದ್ದಾರೆ, ಏನು ಹೇಳ್ತಿಲ್ಲ?’ ಅಂತ ಪಂದ್ಯ ಕಟ್ಟಿ. ಸೂಪರ್ ಮಾರ್ಕೆಟ್‌ನ ಬಿಲ್ಲಿಂಗ್ ಕೌಂಟರ್ ಪಕ್ಕ ಚಾಕೊಲೇಟ್ ಅವರ ಕಣ್ಣಿನ ಎತ್ತರಕ್ಕೇ ಯಾಕಿದೆ ಅಂತ ಅವರನ್ನೇ ಕೇಳಿ. ಎಂಟು ವರ್ಷದ ಮಗು ಅಪ್ಪ ಅಮ್ಮನಿಗಿಂತ ಬೇಗ ಹಿಡಿದುಬಿಡುತ್ತದೆ.

ಹೆಜ್ಜೆ 7: ಸುಳ್ಳು ಕಂಡರೆ ದೂರು ಕೊಡಿ

ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ ₹10 ಲಕ್ಷದವರೆಗೆ, ಮತ್ತೆ ಮಾಡಿದರೆ ₹50 ಲಕ್ಷದವರೆಗೆ ದಂಡ ಹಾಕಬಹುದು. ಪ್ರಚಾರ ಮಾಡಿದ ತಾರೆಯರಿಗೂ ದಂಡ ಬೀಳಬಹುದು, ಒಂದು ವರ್ಷ ಪ್ರಚಾರವನ್ನೇ ನಿಷೇಧಿಸಬಹುದು.

ದುಡ್ಡು ಕಳೆದುಕೊಂಡಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು. ದುಡ್ಡು ಹೋಗದಿದ್ದರೂ ಜಾಹೀರಾತು ಸುಳ್ಳು ಅನ್ನಿಸಿದರೆ ಜಾಹೀರಾತು ಉದ್ಯಮದ್ದೇ ಸಂಸ್ಥೆ ಎಎಸ್‌ಸಿಐಗೆ 77100 12345 ವಾಟ್ಸ್‌ಆ್ಯಪ್ ಸಂಖ್ಯೆಗೆ ಕಳಿಸಿ. ಇದು 1985ರಿಂದ ಇದೆ. ತೂಕದಲ್ಲಿ ಮೋಸವಾದರೆ ಜಿಲ್ಲೆಯ ಕಾನೂನು ಮಾಪನಶಾಸ್ತ್ರ ಇಲಾಖೆ. ಯಾವುದೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ನೀವು ಕೊಟ್ಟ ಬೆಲೆ ₹5 ಲಕ್ಷದವರೆಗಿದ್ದರೆ ಅಲ್ಲಿ ಶುಲ್ಕವೇ ಇಲ್ಲ, ವಕೀಲರು ಕಡ್ಡಾಯವೂ ಅಲ್ಲ.

ದೂರಿಗೆ ಬೇಕಾದ್ದು ಜಾಹೀರಾತಿನ ಸ್ಕ್ರೀನ್‌ಶಾಟ್ ಅಥವಾ ಪೇಪರ್ ಕಟಿಂಗ್, ನೋಡಿದ ದಿನಾಂಕ, ಬಿಲ್ಲು. ಪಾಂಪ್ಲೆಟ್ ಆದರೆ ಎರಡೂ ಬದಿಯ ಫೋಟೊ ತೆಗೆಯಿರಿ, ಷರತ್ತುಗಳು ಹಿಂಬದಿಯಲ್ಲಿರುತ್ತವೆ.